ಶಕ್ತಿ ಮಾತ್ರೆ

ಶಾಲೆ ತೆರೆಯೋ ಮುಂಚಿನ ಒಂದೂವರೆ ತಿಂಗಳು ನಮ್ಮ ಮನೇಲಿ ಯಾರೂ ಮನುಷ್ಯರ ಹಾಗೆ ಊಟ ಮಾಡಲ್ಲ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ ಅಂತ ಹೆಸರಿಗಿದೆ. ಯೂನಿಫಾರಂ ಕಾಲ ಬಂತೋ, ಹಾಸಿಗೆ ಮೇಲೆ ಕಾಲರು, ಅಕ್ಕಿ ಡಬ್ಬದ ಮೇಲೆ ತೋಳು, ಕುರ್ಚಿ ಮೇಲೆ ಜೇಬು. ತಟ್ಟೆ ಇಡೋಕೆ ಜಾಗ ಹುಡುಕಬೇಕು. ನಮ್ಮನೆಯವರು ಟೈಲರ್. ಈ ಸಲ ಎರಡು ಶಾಲೆಯದ್ದು ಒಪ್ಪಿಕೊಂಡು ಬಂದಿದ್ದರು, ನಾನೂರ ಇಪ್ಪತ್ತು ಶರ್ಟು. ಬೇಡಾರೀ, ಇರೋ ಕೈ ನಾಲ್ಕು ಅಂದೆ. ನನ್ನ ಮಾತು ಕೇಳೋರು ಯಾರು? ಮಿಷನ್ ಸದ್ದಲ್ಲಿ ನಾನು ಅಂದಿದ್ದೇ ಅವರಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದರೋ.

ಒಂದು ಶರ್ಟಿಗೆ ಏಳು ಗುಂಡಿ. ಗುಂಡಿ ಹಾಕೋದು, ಗುಂಡಿ ತೂರೋ ಕಾಜಾ ಹೊಲಿಯೋದು, ಅಂಚು ಮಡಿಸೋದು ನನ್ನ ಮೈದುನನ ಪಾಲು. ಮೂವತ್ತಾರು ವರ್ಷದ ಗಂಡಸು, ಮನೇಲಿ ಇನ್ನೂ ಪುಟ್ಟ. ಅತ್ತೆ ಪುಟ್ಟ ಅಂತಾರೆ, ನಮ್ಮನೆಯವರು ಪುಟ್ಟ ಅಂತಾರೆ, ನಾನೂ ಹಾಗೇ ಅಂತೀನಿ. ಹಿಂದಿನ ಕೋಣೆ ಕಿಟಕಿ ಪಕ್ಕ ಒಂದು ಮೋಟು ಸ್ಟೂಲು, ಅದರ ಮೇಲೆ ಬೆನ್ನು ಬಗ್ಗಿಸಿ ಕೂತರೆ ಊಟಕ್ಕೇ ಏಳೋದು. ದಾರ ಕತ್ತರಿಸೋಕೆ ಅವನ ಹತ್ತಿರ ಇರೋದು ಉಗುರು ತೆಗೆಯೋ ಕಟರ್. ಕತ್ತರಿಗಳೆಲ್ಲ ಅವನ ಅಣ್ಣನ ಮೇಜಿನ ಡ್ರಾಯರ್‌ನಲ್ಲಿ, ಬೀಗದೊಳಗೆ.

ಯಾಕೆ ಅಂದರೆ, ಹದಿನಾಲ್ಕು ವರ್ಷದ ಹಿಂದೆ ಅವನು ಈ ಅಂಗಡಿಯ ಕಟಿಂಗ್ ಮಾಸ್ಟರ್. ಇಪ್ಪತ್ತೆರಡು ವಯಸ್ಸಿಗೇ ಅಳತೆ ಪಟ್ಟಿ ಇಲ್ಲದೆ ಕಣ್ಣಲ್ಲೇ ಅಳತೆ ತೆಗೆಯೋ ಹುಡುಗ. ಒಂದು ಸಲ ಹನ್ನೊಂದು ದಿನ ನಿದ್ದೆ ಮಾಡಲಿಲ್ಲ. ಹಾಡ್ತಿದ್ದ, ನಗ್ತಿದ್ದ, ಊರಿಗೆಲ್ಲ ಬಟ್ಟೆ ಹೊಲಿದು ಹಂಚ್ತೀನಿ ಅಂತಿದ್ದ. ಹನ್ನೆರಡನೇ ದಿನ ನೋಡಿದರೆ ಗಿರಾಕಿಗಳು ಕೊಟ್ಟ ಬಟ್ಟೆಯನ್ನೆಲ್ಲ ಅಂಗೈಯಗಲ ತುಂಡು ಮಾಡಿ ನೆಲದ ತುಂಬ ಜೋಡಿಸಿಟ್ಟಿದ್ದ. ಆಮೇಲೆ ಆಸ್ಪತ್ರೆ. ಬೀದಿಯವರು ಎರಡು ವರ್ಷ ನಮ್ಮದನ್ನ ಹುಚ್ಚನ ಅಂಗಡಿ ಅಂತ ಕರೆದರು. ಚಿಕ್ಕ ಮಕ್ಕಳು ಅವನ ಶರ್ಟು ಹಿಡಿದೆಳೆದು ಓಡಿಹೋಗೋರು. ಅತ್ತೆ ಅದನ್ನ ನೋಡಿ ಬಾಗಿಲ ಹಿಂದೆ ನಿಂತು ಅಳೋರು. ಇದನ್ನ ಮೊದಲೇ ಹೇಳ್ತಿದೀನಿ, ನಾಳೆ ಯಾರೂ ಅತ್ತೆಯನ್ನ ಮಾತ್ರ ಬೈಕೊಂಡು ಕೂರಬಾರದು.

ಆಮೇಲೆ ನಾವು ಈ ಬೀದಿಗೆ ಬಂದೆವು. ಇಲ್ಲಿ ಯಾರಿಗೂ ಏನೂ ಗೊತ್ತಾಗಬಾರದು ಅಂತ ಅತ್ತೆ ಕಟ್ಟಳೆ ಮಾಡಿದರು. ಅವನ ಕಾಯಿಲೆಗೆ ಒಂದು ಹೆಸರಿದೆ, ಆಸ್ಪತ್ರೆಯವರು ಹೇಳಿದ್ದರು. ನಮ್ಮ ಮನೇಲಿ ಆ ಹೆಸರು ಯಾರ ಬಾಯಲ್ಲೂ ಬಂದಿಲ್ಲ. 'ಅದು' ಅಂತೀವಿ. ಅದು ಬಂದರೆ 'ಶುರುವಾಯ್ತು' ಅಂತೀವಿ. ಮಾತ್ರೆಗೆ 'ಶಕ್ತಿ ಮಾತ್ರೆ'. ಆಸ್ಪತ್ರೆಯಿಂದ ತಂದ ದಿನವೇ ಅತ್ತೆ ಒಂದೊಂದೇ ಬಿಡಿಸಿ ಹಳೇ ಟಾನಿಕ್ ಬಾಟಲಿಗೆ ತುಂಬಿ, ಖಾಲಿ ಸ್ಟ್ರಿಪ್ಪೂ ಡಾಕ್ಟರ ಚೀಟಿನೂ ಒಲೆಗೆ ಹಾಕಿಬಿಡೋರು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗೋದಕ್ಕೆ 'ಬಟ್ಟೆ ತರೋಕೆ ಹೋಗೋದು' ಅಂತ ಹೆಸರು. ಅಕ್ಕಪಕ್ಕದವರು ನೋಡ್ತಾರಲ್ಲ, ಬರೀ ಕೈಯಲ್ಲಿ ಬಂದರೆ ಹೇಗೆ? ಅದಕ್ಕೆ ಬರುವಾಗ ಒಂದು ಕಟ್ಟು ಲೈನಿಂಗ್ ಬಟ್ಟೆ ಹೊತ್ಕೊಂಡೇ ಬರೋರು. ಮಂಚದ ಕೆಳಗೆ ಈಗ ಹತ್ತು ವರ್ಷಕ್ಕಾಗುವಷ್ಟು ಲೈನಿಂಗ್ ಇದೆ. ಊರಿನ ಕೋಟುಗಳನ್ನೆಲ್ಲ ನಾವೇ ಹೊಲಿದರೂ ಮುಗಿಯಲ್ಲ.

ಅವನ ಜೊತೆ ಹೋಗೋದು ನಮ್ಮನೆಯವರು. ಆದರೆ ಒಳಗೆ ಹೋಗಲ್ಲ. ಗೇಟಿನ ಹತ್ತಿರ ಚಹಾ ಕುಡೀತಾ ನಿಲ್ಲೋರು. ಯಾರಾದರೂ ಗುರುತಿನವರು ನೋಡಿದರೆ ಅನ್ನೋ ಭಯ. ಡಾಕ್ಟರ ಮುಂದೆ ಕೂತು ಕೇಳೋನು, ಹೇಳೋನು, ರಕ್ತ ಕೊಡೋನು ಅವನೊಬ್ಬನೇ.

ಈ ಪದಗಳ ಜೊತೆ ಬದುಕೋದು ಅವನಿಗೆ ಹೇಗಿತ್ತು ಅಂತ ನಾನು ಯೋಚನೆ ಮಾಡಿದವಳಲ್ಲ. ಮಾಡೋಕೆ ಪುರುಸೊತ್ತೂ ಇರಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿದು, "ಸಕ್ಕರೆ ಹಾಕೋದು ಮರೆತಿರಾ ಅತ್ತಿಗೆ? ಮೂರು ದಿನದಿಂದ ಇದೇ ಆಯ್ತು" ಅಂತ ಸ್ವಲ್ಪ ಜೋರಾಗೇ ಅಂದ.

ಅತ್ತೆ ಸೊಪ್ಪು ಬಿಡಿಸ್ತಿದ್ದವರು ತಲೆ ಎತ್ತಿದರು. "ಪುಟ್ಟ, ಶಕ್ತಿ ಮಾತ್ರೆ ತಗೊಂಡ್ಯೇನೋ?"

"ತಗೊಂಡೆ."

"ಮತ್ತೆ ಯಾಕೆ ಹಾಗೆ ಕೂಗ್ತೀಯ?"

ನನ್ನ ಮಗಳು ಪರೀಕ್ಷೆ ಮುಗಿಸಿ ಕಾಲೇಜಿಗೆ ಕಾಯ್ತಾ ಮನೇಲಿದ್ದಳು. ವಾದ ಮಾಡೋದು ಅವಳ ಹುಟ್ಟುಗುಣ. ಅಜ್ಜಿ ಅವಳನ್ನ ಲಾಯರಮ್ಮ ಅಂತ ಕರೆಯೋದು.

"ಅಜ್ಜಿ, ಚಹಾದಲ್ಲಿ ಸಕ್ಕರೆ ಇಲ್ಲ. ನಾನೂ ಕುಡಿದೆ. ಸಕ್ಕರೆ ಇಲ್ಲ ಅನ್ನೋದಕ್ಕೂ ಮಾತ್ರೆ ಬೇಕಾ?"

"ನೀನು ಸುಮ್ಮನಿರು ಲಾಯರಮ್ಮ. ನಿಂಗೇನು ಗೊತ್ತು, ಹೇಗೆ ಶುರುವಾಗತ್ತೆ ಅಂತ."

"ಅಪ್ಪ ದಿನಕ್ಕೆ ಹತ್ತು ಸಲ ಕೂಗ್ತಾರೆ. ಅವರಿಗ್ಯಾಕೆ ಕೇಳಲ್ಲ?"

"ಅವನು ಟೈಲರ್ ಕಣೇ, ಕೆಲಸದ ಒತ್ತಡ" ಅಂದರು ಅತ್ತೆ. ಮೈದುನ ಲೋಟ ಕೆಳಗಿಟ್ಟು ಸ್ಟೂಲಿಗೆ ಹೋದ. ಸಕ್ಕರೆ ನಿಜವಾಗಿಯೂ ಮುಗಿದಿತ್ತು. ತರಿಸೋದಕ್ಕೆ ಯಾರಿಗೂ ನೆನಪಿರಲಿಲ್ಲ.

ಯೂನಿಫಾರಂ ಕೆಲಸದ ಎರಡನೇ ವಾರ ಅವನಿಗೆ ಭುಜ ನೋವು ಶುರುವಾಯಿತು. ಬಲಗೈ ಮೇಲೆತ್ತೋಕೆ ಆಗಲ್ಲ, ಕುತ್ತಿಗೆ ತಿರುಗಲ್ಲ. ದಿನಕ್ಕೆ ನೂರೈವತ್ತು ಗುಂಡಿ ಹಾಕಿದರೆ ಕಲ್ಲಿಗೂ ನೋಯುತ್ತೆ. ಮಧ್ಯಾಹ್ನ ಊಟದ ಹೊತ್ತಿಗೆ, "ಅಣ್ಣ, ಎರಡು ದಿನ ಬಿಡ್ತೀಯಾ? ಕೈ ಏಳ್ತಿಲ್ಲ" ಅಂದ.

"ಎರಡು ದಿನ! ಶಾಲೆಯವನು ದಿನಾ ಫೋನ್ ಮಾಡ್ತಿದ್ದಾನೆ. ನಾನೇನು ಮಾಡ್ಲಿ, ಗುಂಡಿ ಬದಲು ಅಂಟು ಹಾಕಿ ಕೊಡ್ಲಾ?" ನಮ್ಮನೆಯವರು ಬಾಯಲ್ಲಿ ತುತ್ತಿಟ್ಟುಕೊಂಡೇ ರೇಗಿದರು.

"ನಾನು ಮೆಡಿಕಲ್‌ನಿಂದ ಏನಾದ್ರೂ ತರ್ತೀನಿ ಬಿಡಿ" ಅಂದೆ. ಮನೇಲಿ ಜಗಳ ನಿಲ್ಲಿಸೋದು ಯಾವಾಗಲೂ ನನ್ನ ತಲೆಗೇ.

ಮೆಡಿಕಲ್ ಅಂಗಡಿಯವರು ಒಳ್ಳೆ ಮನುಷ್ಯ. ಯಾರಿಗೆ, ಎಷ್ಟು ವಯಸ್ಸು, ಹೊಟ್ಟೆ ಹುಣ್ಣಿದೆಯಾ, ಎಲ್ಲಾ ಕೇಳಿದರು. ಕೊನೆಗೆ, "ಬೇರೆ ಮಾತ್ರೆ ಏನಾದ್ರೂ ದಿನಾ ತಗೋತಾರಾ?" ಅಂದರು.

ನನ್ನ ಹಿಂದೆ ಇಬ್ಬರು ನಿಂತಿದ್ದರು. ಒಬ್ಬರು ಎದುರುಮನೆ ಅಜ್ಜ.

"ಇಲ್ಲಪ್ಪ. ಶಕ್ತಿ ಮಾತ್ರೆ ಒಂದು ತಗೋತಾನೆ, ಅಷ್ಟೇ."

ಅಷ್ಟು ಸಲೀಸಾಗಿ ಬಂತು ಬಾಯಿಗೆ. ಹೆದರಿಕೆ ಆಗಲಿಲ್ಲ, ಸುಳ್ಳು ಅಂತಲೂ ಅನಿಸಲಿಲ್ಲ. ಹನ್ನೆರಡು ವರ್ಷದಿಂದ ಅದರ ಹೆಸರೇ ಅದು. ಅವರು ಹತ್ತು ದಿನಕ್ಕೆ ನೋವಿನ ಮಾತ್ರೆ ಕೊಟ್ಟರು, ಊಟ ಆದ ಮೇಲೆ ದಿನಕ್ಕೆ ಎರಡು.

ಮನೆಗೆ ಬಂದು ನೀರಿನ ಜೊತೆ ಅವನ ಮುಂದೆ ಹಿಡಿದೆ. ಅವನು ತಗೊಳ್ಳಲಿಲ್ಲ.

"ಇದು ಬೇಡ ಅತ್ತಿಗೆ. ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಕೇಳದೆ ನೋವಿನ ಮಾತ್ರೆ ನುಂಗಬಾರದು ಅಂತ. ಆ ಮಾತ್ರೆಗೂ ಇದಕ್ಕೂ ಆಗಲ್ವಂತೆ."

ಇಲ್ಲಿ ನಾನು ಒಂದು ವಿಷಯ ಹೇಳಲೇಬೇಕು. ಆಸ್ಪತ್ರೆಯಿಂದ ಬಂದ ಮೇಲೂ ಎರಡು ಸಲ ಅವನಿಗೆ ಜೋರಾಗಿ ಬಂದಾಗ, ಮಾತ್ರೆ ಬೇಡ ಅನ್ನೋದರಿಂದಲೇ ಶುರುವಾಗಿತ್ತು. ಅದರಲ್ಲಿ ಏನೋ ಬೆರೆಸಿದ್ದೀರ ಅಂದಿದ್ದ. ಹಾಗಾಗಿ ಅವನ ಬಾಯಲ್ಲಿ 'ಬೇಡ' ಅನ್ನೋದು ಬಂದ ತಕ್ಷಣ ನನಗೆ ಆ ಎರಡು ಸಲದ್ದೇ ಕಣ್ಣಮುಂದೆ ಬಂತು. ಅವನು ಹೇಳಿದ ಕಾರಣ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಶುರು ಮಾಡ್ಬೇಡ ಪುಟ್ಟ" ಅಂದೆ. "ಕೈ ಮುಗೀತೀನಿ. ನನಗೆ ಇನ್ನೂರು ಕಾಲರು ತಿರುವಿ ಹಾಕೋದಿದೆ, ಒಲೆ ಮೇಲೆ ಬೇಳೆ ಇದೆ. ಈಗ ಇದೆಲ್ಲ ಶುರು ಮಾಡ್ಬೇಡ."

ಅವನು ನನ್ನ ಮುಖ ನೋಡಿದ. "ನಿಜವಾಗಿ ಹೇಳಿದ್ದಾರೆ ಅತ್ತಿಗೆ. ಒಂದು ಸಲ ಫೋನ್ ಮಾಡಿ ಕೇಳಿ."

"ನುಂಗು ಅಂದ್ರೆ ನುಂಗಬೇಕು."

ನುಂಗಿದ. ನಾಲಿಗೆ ಎತ್ತಿ ತೋರಿಸು ಅಂದೆ, ತೋರಿಸಿದ. ಮೂವತ್ತಾರು ವರ್ಷದ ಗಂಡಸಿನ ಬಾಯೊಳಗೆ ನೋಡಿ, ಜಾಣ ಅಂದು ಅಡುಗೆಮನೆಗೆ ಹೋದೆ.

ನೋವು ಕಡಿಮೆಯಾಯಿತು, ಸುಳ್ಳು ಯಾಕೆ ಹೇಳಲಿ. ನಾಲ್ಕೈದು ದಿನ ಎದ್ದು ಕೂತು ಕೆಲಸ ಮಾಡಿದ. ನಮ್ಮನೆಯವರು ಖುಷಿಯಿಂದ, "ನೋಡು, ಸುಮ್ಮನೆ ರಜ ಕೇಳ್ತಿದ್ದ" ಅಂದರು. ಆಮೇಲೆ ಊಟ ಬೇಡ ಅನ್ನೋಕೆ ಶುರು ಮಾಡಿದ. ಒಂದು ದಿನ ವಾಂತಿ, ಮಾರನೇ ದಿನ ಭೇದಿ. ಸೆಕೆಗೆ ಹೀಗೆ ಅಂತ ಗಂಜಿ ಮಾಡಿ ಕೊಟ್ಟೆ. ಅದೂ ಸೇರಲಿಲ್ಲ.

ಮೂರನೇ ವಾರ ಮುಗಿಯುವಾಗ ಶಾಲೆಯ ಗುಮಾಸ್ತ ಬಂದು ಅರವತ್ತು ಶರ್ಟು ವಾಪಸ್ ಮೇಜಿನ ಮೇಲೆ ಕುಕ್ಕಿದ. "ಟೈಲರೇ, ಇದನ್ನ ನೋಡಿ. ಮಕ್ಕಳಿಗೆ ಹಾಕಿದರೆ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಗುಂಡಿ ಎಲ್ಲಿದೆ, ಕಾಜಾ ಎಲ್ಲಿದೆ!"

ಗುಂಡಿಗಳು ಸಾಲು ಬಿಟ್ಟು ಚೆಲ್ಲಾಪಿಲ್ಲಿಯಾಗಿ ಕೂತಿದ್ದವು. ಬಟ್ಟೆ ಮೇಲೆ ಅಲ್ಲಲ್ಲಿ ಸೂಜಿ ಚುಚ್ಚಿದ ರಕ್ತದ ಕಲೆ. ನಮ್ಮನೆಯವರು ಒಂದು ಶರ್ಟು ಹಿಡಿದುಕೊಂಡು ಒಳಗೆ ಬಂದರು. ಮೈದುನ ಸೂಜಿಗೆ ದಾರ ಪೋಣಿಸ್ತಿದ್ದ. ಕೈ ಯಾವಾಗಲೂ ಸ್ವಲ್ಪ ನಡುಗ್ತಿತ್ತು, ಈಗ ಮೊಣಕೈಯಿಂದಲೇ ಹೊಯ್ದಾಡ್ತಿತ್ತು. ದಾರ ಸೂಜಿಯ ಅಕ್ಕಪಕ್ಕ ಎಲ್ಲೆಲ್ಲೋ ಹೋಗ್ತಿತ್ತು.

"ಏನೋ ಇದು? ಬೇಕಂತಲೇ ಮಾಡ್ತಿದೀಯಾ?"

"ಅಣ್ಣ, ನನಗೆ ಹುಷಾರಿಲ್ಲ." ಮಾತು ದಪ್ಪವಾಗಿತ್ತು, ಬಾಯಲ್ಲಿ ಏನೋ ಇಟ್ಟುಕೊಂಡು ಆಡಿದ ಹಾಗೆ. "ಆಸ್ಪತ್ರೆಗೆ ಕರ್ಕೊಂಡು ಹೋಗು."

"ಮುಂದಿನ ತಿಂಗಳು ಹೇಗೂ ಬಟ್ಟೆ ತರೋಕೆ ಹೋಗೋದಿದೆಯಲ್ಲ."

"ಅಲ್ಲಿವರೆಗೆ ಆಗಲ್ಲ."

ಅತ್ತೆ ಬಾಗಿಲಲ್ಲಿ ನಿಂತು ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಶುರುವಾಯ್ತು. ಎರಡು ದಿನದಿಂದ ನೋಡ್ತಿದೀನಿ, ಗೋಡೆಗೆ ಗೋಡೆಗೆ ತಾಗ್ಕೊಂಡು ಓಡಾಡ್ತಾನೆ. ಶುರುವಾಯ್ತು ಕಣೋ."

"ಅಮ್ಮ, ಇದು ಅದಲ್ಲ" ಅಂದ ಅವನು.

"ಪ್ರತಿ ಸಲ ನೀನು ಹೀಗೇ ಅನ್ನೋದು."

ಅವನು ಎದ್ದು ನಿಲ್ಲೋಕೆ ಹೋಗಿ, ಗೋಡೆ ಹಿಡಿದುಕೊಂಡು ನನ್ನ ಕಡೆ ತಿರುಗಿದ. "ಅತ್ತಿಗೆ, ನೀವಾದ್ರೂ ಕೇಳಿ. ಅದು ಬಂದಾಗ ನನಗೆ ಸುಖ ಇರತ್ತೆ. ನಿದ್ದೆ ಬೇಡ, ಜಗತ್ತೆಲ್ಲ ನಂದು ಅನ್ಸತ್ತೆ. ಇದರಲ್ಲಿ ಅಂಥದ್ದೇನೂ ಇಲ್ಲ. ಇದು ಮೈಯದ್ದು. ನನ್ನ ಕಾಯಿಲೆ ನನಗೆ ಗೊತ್ತಿಲ್ವಾ?"

ಹದಿನಾಲ್ಕು ವರ್ಷದಲ್ಲಿ ಅವನು 'ನನ್ನ ಕಾಯಿಲೆ' ಅಂದಿದ್ದು ಅದೇ ಮೊದಲು ನಾನು ಕೇಳಿದ್ದು. ಹೊರಗೆ ಗುಮಾಸ್ತ ಕೆಮ್ಮಿದ. ಅಷ್ಟೇ ಸಾಕಾಯಿತು. ಅತ್ತೆ ಓಡಿಹೋಗಿ ನಡುಬಾಗಿಲು ಹಾಕಿದರು.

"ಮೆಲ್ಲಗೆ! ಕೇಳಿಸ್ಕೊಂಡ್ರೆ ನಾಳೆಯಿಂದ ಒಂದು ಶರ್ಟೂ ಬರಲ್ಲ."

ಮಗಳು ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದಳು. "ಅಮ್ಮ, ಚಿಕ್ಕಪ್ಪ ಸರಿಯಾಗೇ ಹೇಳ್ತಿದಾನೆ. ಅವನು ರಾತ್ರಿಯೆಲ್ಲ ಮಲಗ್ತಾನೆ, ಹಗಲೂ ತೂಕಡಿಸ್ತಾನೆ. ಹೋದ ಸಲದ ಥರ ಎಲ್ಲಿದೆ?"

"ನಿಂಗೆ ಹೋದ ಸಲ ಎಂಟು ವರ್ಷ. ಏನು ನೆನಪಿದೆ ನಿಂಗೆ?"

"ಒಂದು ಫೋನ್ ಮಾಡೋಕೇನು?"

"ಯಾರಿಗೆ ಮಾಡ್ಲಿ? ನಂಬರ್ ಎಲ್ಲಿದೆ? ಚೀಟಿ ಎಲ್ಲಾ ಅಜ್ಜಿ ಸುಟ್ಟಿದಾರಲ್ಲ!" ಅಂತ ಕೂಗಿದೆ. ಕೂಗಿದ ಮೇಲೆ ಸುಸ್ತಾಯಿತು. ನಂಬರ್ ಅವನಿಗೆ ಗೊತ್ತಿರಬಹುದು, ಕೇಳೋಣ ಅಂತ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಆವತ್ತು ಸಂಜೆ ಅತ್ತೆ, ನಮ್ಮನೆಯವರು, ನಾನು ಮೂರೂ ಜನ ಕೂತು ತೀರ್ಮಾನ ಮಾಡಿದೆವು. ಶಾಲೆ ಕೆಲಸ ಮುಗಿಯೋವರೆಗೆ ಶಕ್ತಿ ಮಾತ್ರೆ ಒಂದೊಂದು ಹೆಚ್ಚಿಗೆ ಕೊಡೋದು. ಹೆಸರೇ ಹಾಗಿದೆಯಲ್ಲ, ಒಂದು ಹೆಚ್ಚಾದರೆ ಏನಾಗುತ್ತೆ ಅನ್ನಿಸಿತ್ತು ನನಗೆ. ಕೊಟ್ಟವಳೂ ನಾನೇ. ಭುಜಕ್ಕೆ ಅಂತ ಮೆಡಿಕಲ್‌ನಿಂದ ಮತ್ತೊಂದು ಹತ್ತು ದಿನದ್ದು ತಂದಿದ್ದೆ, ಅದನ್ನೂ ಜೊತೆಗೇ ಕೊಟ್ಟೆ. ಈ ಸಲ ಅವನು ಏನೂ ಅನ್ನಲಿಲ್ಲ. ಕೈ ಚಾಚಿದ, ನುಂಗಿದ, ಕೇಳದೇ ನಾಲಿಗೆ ಎತ್ತಿ ತೋರಿಸಿದ. ಅವನಿಗೆ ನಮ್ಮ ಜೊತೆ ವಾದ ಮಾಡಿ ಸಾಕಾಗಿತ್ತು ಅಂತ ಈಗ ಗೊತ್ತಾಗ್ತಿದೆ.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಬಚ್ಚಲಲ್ಲಿ ಬಿದ್ದ. ಚೆಂಬು ಉರುಳಿದ ಸದ್ದಾಯಿತು, ಅಷ್ಟೇ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾನೆ, ಕಾಲು ತಾನಾಗೇ ಅದುರ್ತಿದೆ, ಕಣ್ಣು ನಿಲ್ತಿಲ್ಲ. ನಮ್ಮನೆಯವರು ಓಡಿಬಂದು ಅವನನ್ನ ಎತ್ತಿಕೊಂಡರು. ಪಕ್ಕದ ಇಸ್ತ್ರಿ ಅಂಗಡಿಯವರು ಸದ್ದು ಕೇಳಿ ಬಂದು, ಬಟ್ಟೆ ಸಾಗಿಸೋ ತಮ್ಮ ಗಾಡಿ ತೆಗೆದರು. ಅದರಲ್ಲೇ ಬೀದಿ ಕೊನೆಯ ಸಣ್ಣ ಆಸ್ಪತ್ರೆಗೆ ಹೋದೆವು, ಅತ್ತೆ ಮುಂದೆ, ನಾವೆಲ್ಲ ಹಿಂದೆ ಅವನನ್ನ ಹಿಡಿದುಕೊಂಡು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾಡಿ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಮಂಡಿ ತಟ್ಟಿದರು. "ಎಷ್ಟು ದಿನದಿಂದ ಹೀಗಿದೆ? ಯಾವ ಮಾತ್ರೆ ತಗೋತಾರೆ?"

"ಶಕ್ತಿ ಮಾತ್ರೆ" ಅಂದರು ಅತ್ತೆ.

"ಅಂದ್ರೆ? ವಿಟಮಿನ್ನಾ?"

"ಹ್ಞೂಂ, ಅಂಥದ್ದೇ."

"ಬೇರೆ ಏನಿಲ್ವಾ? ಇದು ವಿಟಮಿನ್ ತಗೊಂಡು ಆಗೋದಲ್ಲ. ಸರಿಯಾಗಿ ಹೇಳಿ, ತಡ ಮಾಡಿದರೆ ಕಷ್ಟ."

ನಮ್ಮನೆಯವರು ನೆಲ ನೋಡ್ತಿದ್ದರು. ಇಸ್ತ್ರಿಯವರು ಪರದೆ ಪಕ್ಕ ನಿಂತಿದ್ದರು, ಅವನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಆ ಮನುಷ್ಯನ ಅಂಗಡಿಗೆ ಬೀದಿಯ ಎಲ್ಲ ಮನೆಯ ಬಟ್ಟೆ ಬರುತ್ತೆ, ಎಲ್ಲ ಮನೆಯ ಮಾತೂ ಬರುತ್ತೆ. ಹಾಸಿಗೆ ಮೇಲಿಂದ ಮೈದುನ ಏನೋ ಅಂದ. ತೊದಲು, ಜೊಲ್ಲು, ಅರ್ಥ ಆಗಲಿಲ್ಲ. ಮತ್ತೆ ಅಂದ.

"ಏನಂತಿದಾರೆ ಇವರು?" ಡಾಕ್ಟರಮ್ಮ ಬಗ್ಗಿದರು.

"ಅವನ ಮಾತು ಬಿಡಿ ಡಾಕ್ಟ್ರೇ" ಅಂದರು ಅತ್ತೆ. "ಅವನು ಏನೇನೋ ಅಂತಾನೆ. ಅವನ ಮಾತು ಲೆಕ್ಕಕ್ಕೆ ತಗೋಬೇಡಿ."

ಡಾಕ್ಟರಮ್ಮ ನಿಜಕ್ಕೂ ನೆಟ್ಟಗೆ ನಿಂತುಬಿಟ್ಟರು. ಅವನ ಮೇಲಿಂದ ಕಣ್ಣು ತೆಗೆದು ನಮ್ಮ ಕಡೆ ನೋಡಿದರು. ಅಲ್ಲಿ ನನಗೆ ಹೊಳೀತು. ಆ ಹೆಂಗಸು ಅವನನ್ನ ನೋಡಿ ಹತ್ತು ನಿಮಿಷ ಆಗಿಲ್ಲ, ಅಷ್ಟರಲ್ಲಿ ನಾವು ಅವಳ ಕಿವಿಯನ್ನೂ ಮುಚ್ಚಿಸಿದ್ವಿ. ಮಾತ್ರೆ ಹೆಸರು ನನಗೆ ಗೊತ್ತಿಲ್ಲ. ನಮ್ಮನೆಯವರಿಗೆ ಗೊತ್ತಿಲ್ಲ. ಅತ್ತೆ ಓದಿದವರಲ್ಲ. ಈ ಕೋಣೇಲಿ ಅದು ಗೊತ್ತಿರೋದು ಒಬ್ಬನಿಗೆ, ಅವನು ಹೇಳ್ತಾನೇ ಇದ್ದಾನೆ.

"ಅವನು ಸರಿಯಾಗೇ ಹೇಳ್ತಿದಾನೆ" ಅಂದೆ. ನನ್ನ ದನಿ ನನಗೇ ಜೋರಾಯಿತು. "ಅವನಿಗೆ ಮಾನಸಿಕ ಕಾಯಿಲೆ ಇದೆ. ಹದಿನಾಲ್ಕು ವರ್ಷದಿಂದ. ಮಾನಸಿಕ ಆಸ್ಪತ್ರೆಯಿಂದ ಮಾತ್ರೆ ಕೊಡ್ತಾರೆ, ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಅವನಿಗೆ ಗೊತ್ತು. ಅವನನ್ನೇ ಕೇಳಿ, ಅವನು ಹೇಳಿದ್ದು ಬರ್ಕೊಳ್ಳಿ."

"ಏನೇ ನಿಂಗೆ..." ಅಂತ ಅತ್ತೆ ನನ್ನ ತೋಳು ಹಿಡಿದರು. ಬಿಡಿಸಿಕೊಂಡೆ.

ನಾನು ಅವನ ಬಾಯಿ ಹತ್ತಿರ ಕಿವಿ ಇಟ್ಟೆ. "ಮೆಲ್ಲಗೆ ಹೇಳೋ. ನಾನು ಕೇಳ್ತೀನಿ."

ಹೇಳಿದ. ಒಂದೊಂದೇ ಅಕ್ಷರ, ಮಧ್ಯೆ ಉಸಿರು ಎಳ್ಕೊಂಡು. ಲಿಥಿಯಂ. ಮುನ್ನೂರರದ್ದು. ಬೆಳಿಗ್ಗೆ ಒಂದು, ರಾತ್ರಿ ಎರಡು. ಬೈಪೋಲಾರ್. ಕೊನೇ ರಕ್ತ ಪರೀಕ್ಷೆ ಎರಡು ತಿಂಗಳ ಹಿಂದೆ, ಆಗ ಸರಿ ಇತ್ತು. ಆಮೇಲೆ, "ನೋವಿನ ಮಾತ್ರೆ" ಅಂದ. ಅದಕ್ಕಿಂತ ಮುಂದೆ ಹೇಳೋಕೆ ಅವನ ಕೈಲಿ ಆಗಲಿಲ್ಲ.

"ಹದಿನಾರು ದಿನದಿಂದ, ದಿನಕ್ಕೆ ಎರಡು" ಅಂದೆ ನಾನು. "ನಾನು ಕೊಟ್ಟಿದ್ದು. ಅವನು ಬೇಡ ಅಂದಿದ್ದ. ಮೂರು ದಿನದಿಂದ ಆ ಲಿಥಿಯಮ್ಮೂ ಒಂದೊಂದು ಹೆಚ್ಚಿಗೆ ಕೊಟ್ಟಿದೀನಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರೋದು. ಫೋನ್ ತೆಗೆದು ದೊಡ್ಡ ಆಸ್ಪತ್ರೆಗೆ ಹೇಳಿದರು, ಆಂಬ್ಯುಲೆನ್ಸ್ ತರಿಸಿದರು. ಕಾಯುವಾಗ ಎರಡೇ ಮಾತಲ್ಲಿ ತಿಳಿಸಿದರು: ನೋವಿನ ಮಾತ್ರೆ, ವಾಂತಿಭೇದಿ ಎರಡೂ ಸೇರಿ ಲಿಥಿಯಂ ಮೈಯಿಂದ ಹೊರಗೆ ಹೋಗದೆ ರಕ್ತದಲ್ಲೇ ಏರಿದೆ, ವಿಷ ಆಗಿದೆ, ಅದರ ಮೇಲೆ ನಾವು ಇನ್ನೂ ಹಾಕಿದ್ದೀವಿ. ಇಸ್ತ್ರಿಯವರು ಎಲ್ಲಾ ಕೇಳಿಸಿಕೊಂಡರು. ಹೋಗುವಾಗ ಚಪ್ಪಲಿಯನ್ನ ನನ್ನ ಕೈಗೆ ಕೊಟ್ಟು, "ನಮ್ಮ ಅಕ್ಕನೂ ಇದೇ ಮಾತ್ರೆ ತಗೋತಾಳೆ ಕಣಮ್ಮ. ನಾವೂ ಯಾರಿಗೂ ಹೇಳಿಲ್ಲ" ಅಂದರು. ಅಷ್ಟು ವರ್ಷ ನಮ್ಮ ಎರಡೂ ಮನೆ ಮಧ್ಯೆ ಇದ್ದಿದ್ದು ಒಂದೇ ಗೋಡೆ.

ದೊಡ್ಡ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಮೊದಲ ಮೂರು ದಿನ ರಕ್ತ ಶುದ್ಧಿ ಮಾಡೋ ಮಿಷನ್‌ಗೆ ಹಾಕಿದರು. ನಾನು ಮತ್ತು ಮಗಳು ಸರದಿ ಮೇಲೆ ಕೂತೆವು. ಮನೇಲಿ ಅಡುಗೆ ಅತ್ತೆದು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಅಷ್ಟೇ. ಎರಡನೇ ಶಾಲೆಯವರು ಉಳಿದ ಬಟ್ಟೆ ವಾಪಸ್ ತಗೊಂಡು ಹೋದರು. ನಮ್ಮನೆಯವರು ಈ ಸಲ ಗೇಟಿನ ಹತ್ತಿರ ನಿಲ್ಲಲಿಲ್ಲ. ಒಳಗೆ ಬಂದು ತಮ್ಮನ ಕಾಲ ಬುಡದಲ್ಲಿ ಕೂತರು. ಕೊನೆಗೆ ನರ್ಸ್ ಹತ್ತಿರ ಹೋಗಿ, "ಬೈಪೋಲಾರ್ ಅಂದ್ರೆ ಏನು ಸಿಸ್ಟರ್?" ಅಂತ ಕೇಳಿದರು. ಯಾವುದೋ ಅಂಗಡಿಯ ವಿಳಾಸ ಕೇಳಿದ ಹಾಗೆ ಕೇಳಿದರು. ಐವತ್ತಕ್ಕೆ ಎರಡು ಕಡಿಮೆ ಅವರಿಗೆ.

ಅತ್ತೆ ನನ್ನ ಹತ್ತಿರ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ ಊಟದ ಡಬ್ಬ ಕೊಡುವಾಗ, "ಊರೆಲ್ಲಾ ಗೊತ್ತಾಯ್ತು" ಅಂದರು.

"ಗೊತ್ತಾಗ್ಲಿ ಅತ್ತೆ."

"ಆ ಪದ ಕೇಳಿದ್ರೆ ಜನ ಅವನನ್ನ ಮತ್ತೆ ಹಾಗೇ ಮಾಡ್ತಾರೆ ಕಣೇ. ನೀನು ಆಗ ಅಡುಗೆಮನೇಲಿರ್ತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡಿದೀನಿ."

"ಜನ ಶರ್ಟು ಎಳೆದ್ರು ಅತ್ತೆ. ನಾವು ಪ್ರಾಣ ತೆಗೀತಿದ್ವಿ."

ಹೀಗೆ ಅಂದಿದ್ದಕ್ಕೆ ನನಗೇ ಬೇಜಾರಾಯಿತು. ಅತ್ತೆ ಕುರ್ಚಿ ಹಿಡಿದು ಕೂತರು. ಡಬ್ಬದ ಮುಚ್ಚಳ ತೆಗೆದರು, ಹಾಕಿದರು. "ನಾನು ಒಳ್ಳೇದಕ್ಕೇ ಮಾಡಿದ್ದು" ಅಂದರು. "ಗೊತ್ತು" ಅಂದೆ. ನಾನೂ ಒಳ್ಳೇದಕ್ಕೇ ಮಾಡಿದ್ದು.

ಬದುಕಿದ. ಆದರೆ ಮೊದಲಿನ ಹಾಗೆ ಆಗಲಿಲ್ಲ. ಮೆದುಳಿನಲ್ಲಿ ನಡಿಗೆ, ಮಾತು, ಕೈ ಹಿಡಿತ ನೋಡ್ಕೊಳ್ಳೋ ಭಾಗಕ್ಕೆ ಪೆಟ್ಟು ಬಿದ್ದಿದೆ ಅಂದರು. ಆರು ತಿಂಗಳಲ್ಲಿ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಹೇಳೋಕಾಗಲ್ಲ. ಸೂಜಿ ಹಿಡಿಯೋಕಾಗಲ್ಲ. ನಡೆದರೆ ಎಡಕ್ಕೆ ವಾಲ್ತಾನೆ. ಮಾತು ಹೆಚ್ಚುಕಡಿಮೆ ಬಿದ್ದ ದಿನದ ಹಾಗೇ ಉಳೀತು, ದಪ್ಪ, ಒದ್ದೆ, ಒಂದಕ್ಕೊಂದು ಅಂಟಿಕೊಂಡು. ಮಾತ್ರೆ ಬದಲಾಗಿದೆ. ಹೊಸದರ ಹೆಸರು ಈಗ ನಮ್ಮೆಲ್ಲರಿಗೂ ಬಾಯಿಪಾಠ. ಇದಕ್ಕೆ ಇಷ್ಟು ಬೆಲೆ ಕೊಡಬೇಕಿತ್ತಾ ಅಂತ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಅಸಹ್ಯ ಆಗುತ್ತೆ.

ಮನೆಗೆ ಬಂದ ಹದಿನೈದು ದಿನಕ್ಕೆ, ಒಂದು ಮಧ್ಯಾಹ್ನ, ಅವನು ಮುಂದಿನ ಕೋಣೇಲಿ ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದ. ನಾನು ತಟ್ಟೆ ತಗೊಂಡು ಹೋದೆ. ಮಗಳು ಮೂಲೇಲಿ ಅಳತೆ ಪುಸ್ತಕಕ್ಕೆ ಗೆರೆ ಹಾಕ್ತಿದ್ದಳು. ತುತ್ತು ಮಾಡಿ ಅವನ ಬಾಯಿ ಹತ್ತಿರ ಒಯ್ದೆ. ಅವನು ನನ್ನ ಕೈಯನ್ನ ತಳ್ಳಿದ. ಅನ್ನ ನೆಲಕ್ಕೆ ಬಿತ್ತು. ಏನೋ ಅಂದ.

"ಏನಂದೆ?"

ಮತ್ತೆ ಅಂದ. ಮುಖ ಕೆಂಪಾಗಿತ್ತು.

"ಅಮ್ಮ, ಚಿಕ್ಕಪ್ಪ ಹೇಳ್ತಿರೋದು..." ಅಂತ ಮಗಳು ಶುರು ಮಾಡಿದಳು. ಅವನು ಅವಳ ಕಡೆ ಕೈ ಎತ್ತಿ ಸುಮ್ಮನಿರಿಸಿದ. ತನ್ನ ಮಾತು ತಾನೇ ಹೇಳಬೇಕಿತ್ತು ಅವನಿಗೆ.

ನಾನು ತಟ್ಟೆ ಬೆಂಚಿನ ಮೇಲಿಟ್ಟು ಅವನ ಮುಂದೆ ನೆಲದ ಮೇಲೆ ಕೂತೆ. "ಹೇಳು. ನನಗೆ ಬೇರೆ ಕೆಲಸ ಇಲ್ಲ."

ಆಮೇಲೆ ಅವನು ನನ್ನನ್ನ ಬೈದ. ಅರ್ಧ ಗಂಟೆ ಬೈದ. ಒಂದೊಂದು ಮಾತಿಗೂ ನಾನು "ಏನಂದೆ?" ಅಂತ ಕೇಳಬೇಕಾಗಿತ್ತು, ಅವನು ಬೆವರು ಒರೆಸಿಕೊಂಡು ಮತ್ತೆ ಮೊದಲಿಂದ ಹೇಳಬೇಕಾಗಿತ್ತು. "ಎರಡು ಸಲ ಬೇಡ ಅಂದೆ. ಫೋನ್ ಮಾಡಿ ಅಂದೆ. ಗೋಡೆ ಹಿಡ್ಕೊಂಡು ನಿಂತು ನಿಮ್ಮನ್ನೇ ಕೇಳಿದೆ, ಅಮ್ಮನನ್ನಲ್ಲ, ಅಣ್ಣನನ್ನಲ್ಲ, ನಿಮ್ಮನ್ನ. ನೀವು ನನ್ನ ನಾಲಿಗೆ ಕೆಳಗೆ ನೋಡಿದ್ರಿ. ಹದಿನೇಳು ವರ್ಷದವನಿದ್ದಾಗಿಂದ ನನ್ನ ನೋಡಿದೀರ." ಕೆಲವು ಮಾತು ಮೂರು ಸಲಕ್ಕೆ ಅರ್ಥ ಆಯಿತು, ಕೆಲವು ಐದು ಸಲಕ್ಕೆ. ಅರ್ಥ ಆದಾಗೆಲ್ಲ ನಾನು ಅದನ್ನ ವಾಪಸ್ ಹೇಳಿ ತೋರಿಸ್ತಿದ್ದೆ, ಇದೇ ತಾನೇ ನೀನು ಅಂದಿದ್ದು ಅಂತ. ಅವನು ತಲೆ ಆಡಿಸಿ ಮುಂದಿನದಕ್ಕೆ ಹೋಗ್ತಿದ್ದ. ಒಳಗಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತರು.

ಕೊನೇಲಿ ಅವನಿಗೆ ಸುಸ್ತಾಗಿ ತಲೆ ಗೋಡೆಗೆ ಒರಗಿತು. ಕಣ್ಣು ಮುಚ್ಚಿಕೊಂಡೇ ಇನ್ನೊಂದು ಮಾತು ಅಂದ. ಚಿಕ್ಕದು. ಗೊತ್ತಾಗಲಿಲ್ಲ.

"ಏನಂದೆ?"

ಅಂದ. ಆಗಲೂ ಗೊತ್ತಾಗಲಿಲ್ಲ. ಹತ್ತಿರ ಸರಿದು, "ಇನ್ನೊಂದು ಸಲ ಹೇಳೋ" ಅಂದೆ.

ಅವನು ಕಣ್ಣು ತೆರೆದು, ಬಾಯಿ ಒರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. "ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ ಅತ್ತಿಗೆ."

"ಕೇಳಿಸ್ತು" ಅಂದೆ.